ಇರಾನಿನ ಚೀಟಿಗಳ ನಡುವೆ ಒಂದು ಅಮಾವಾಸ್ಯೆ

ಮೇಟೂರಿನ ಅಣೆಕಟ್ಟೆಯಲ್ಲಿ ನೀರು ನಿಂತ ಹೊಸತು. ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಗಂಡಸರೆಲ್ಲ ಮಗ್ಗದ ಕುಣಿಗೆ ಇಳಿಯುವ ಹೊತ್ತಿಗೆ ನಾನು ಅಂಗಿ ತೊಟ್ಟು ಮೇಷ್ಟರ ಮನೆಗೆ ಹೊರಡುತ್ತಿದ್ದೆ. "ಊರ್ಗೊಂದ್ ದಾರಿ ಆದ್ರೆ ಪೋರಂಗೊಂದ್ ದಾರಿ," ಎಂದು ಅಪ್ಪ ಲಾಳಿ ನಿಲ್ಲಿಸದೆಯೇ ಹೇಳುತ್ತಿದ್ದ.

ಮೇಷ್ಟರು ಮೈಸೂರು ಸೀಮೆಯಿಂದ ಬಂದು ನೆಲೆಸಿದ್ದ ಮುಸಲ್ಮಾನರು, ಪಾರಸಿ ಕಲಿಸಿ ನಿವೃತ್ತರಾದವರು. ದೂರದ ಪಟ್ಟಣದಲ್ಲಿ ಪಂಡಿತರು ಕೂಡಿ ಇರಾನಿನ ಚರಿತ್ರೆ, ಸಂಸ್ಕೃತಿಗಳ ಮೇಲೆ ದೊಡ್ಡದೊಂದು ಕೋಶ ಸಿದ್ಧಮಾಡುತ್ತಿದ್ದರು. ಅದರಲ್ಲಿ ನೇಯ್ಗೆ, ಬಣ್ಣ, ಉಡುಪಿನ ಭಾಗ ಇವರದು. ಕಣ್ಣು ಮಂಜಾಗಿತ್ತು. ಅವರು ಭೂತಗನ್ನಡಿ ಹಿಡಿದು ಪಾರಸಿ ಪುಸ್ತಕ ಓದಿ ಅರ್ಥ ಹೇಳುವರು, ನಾನು ಇಂಗ್ಲಿಷಿನಲ್ಲಿ ಚೀಟಿಗೆ ಇಳಿಸುವೆ. ಒಂದು ಚೀಟಿಗೆ ಒಂದೇ ಸಂಗತಿ, ಕೆಳಗೆ ಆಧಾರ: ಯಾವ ಪುಸ್ತಕ, ಯಾವ ಪುಟ. ಆ ಕೋಶದ ಲೇಖಕರ ಪಟ್ಟಿಯಲ್ಲಿ ತಮ್ಮ ಹೆಸರು ನೋಡಿಯೇ ಕಣ್ಣು ಮುಚ್ಚಬೇಕು ಎಂಬುದೊಂದೇ ಅವರ ಆಸೆ.

ನನಗೂ ಬೇರೆ ಲೋಕವಿರಲಿಲ್ಲ. ಇಸ್ಫಹಾನಿನ ಬಜಾರಿನಲ್ಲಿ ಬಣ್ಣ ಹಾಕುವವರು ಯಾವ ಸಾಲಿನಲ್ಲಿ ಕೂರುತ್ತಿದ್ದರೆಂದು ಗೊತ್ತಿತ್ತು, ಅದನ್ನು ಹೇಳಿಕೊಳ್ಳಲು ನಮ್ಮ ಬೀದಿಯಲ್ಲಿ ಒಂದು ಕಿವಿಯೂ ಇರಲಿಲ್ಲ. ಗೆಳೆಯರು, "ಪಾರಸೀಕ ರಾಜಾ ವರ್ರಾರು, ದಾರಿ ಬುಡ್ರಲಾ," ಎಂದು ತಮಿಳು ಬೆರೆಸಿ ನಗುತ್ತಿದ್ದರು. ಮೇಷ್ಟರೂ ನನ್ನೊಡನೆ ಆಡುತ್ತಿದ್ದದ್ದು ಇರಾನಿನ ಮಾತು ಮಾತ್ರ. ಮೂರು ವರ್ಷದಲ್ಲಿ ನಮ್ಮ ಮನೆಯ ಸಂಗತಿ ಒಂದನ್ನೂ ಕೇಳಿದವರಲ್ಲ. ಒಂಟಿತನ ಏನೆಂಬುದು ನನಗೆ ಗೊತ್ತಾದದ್ದೇ ಆ ಮನೆಯಲ್ಲಿ.

ಒಂದು ಮಧ್ಯಾಹ್ನ ಇರಾನಿನ ನೇಕಾರರ ಬಿಡುವಿನ ದಿನಗಳ ಚೀಟಿ ಬರೆಯಬೇಕಿತ್ತು. ಮೇಷ್ಟರು ಹೇಳಿದ್ದು ಶುಕ್ರವಾರವಷ್ಟೆ. ಅಮಾವಾಸ್ಯೆಯನ್ನು ಮರೆತಿರಬೇಕು ಅಂದುಕೊಂಡು ನಾನೇ ಸೇರಿಸಿದೆ. ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವ ನೇಕಾರ ಭೂಮಿಯ ಮೇಲೆ ಎಲ್ಲಾದರೂ ಇದ್ದಾನೆಂದು ನನಗೆ ಹೊಳೆಯಲೇ ಇಲ್ಲ. ಕೆಳಗೆ ಅದೇ ಪುಸ್ತಕ, ಅದೇ ಪುಟ ಹಾಕಿದೆ. ಮೇಧಾವಿ ನಾನು.

ಚೀಟಿಗಳನ್ನು ಅಂಚೆಗೆ ಹಾಕಿದ ಎರಡು ತಿಂಗಳಿಗೆ ಕೋಶದ ಸಂಪಾದಕರ ಕಾಗದ ಬಂತು. ನಾನೇ ಓದಿ ಹೇಳಬೇಕಾಯಿತು. ಆ ಪುಟದಲ್ಲಿ ಅಮಾವಾಸ್ಯೆಯ ಮಾತಿಲ್ಲ, ಒಂದು ಆಧಾರ ಸುಳ್ಳಾದ ಮೇಲೆ ಉಳಿದವನ್ನು ನಂಬುವುದು ಹೇಗೆ, ನಿಮ್ಮ ಭಾಗವನ್ನು ಬೇರೆಯವರಿಗೆ ವಹಿಸಿದ್ದೇವೆ ಎಂದಿತ್ತು.

"ಅದ ನಾನೇ ಸೇರ್ಸ್ದೆ ಅಯ್ಯಾ. ನಂದೇ ತಪ್ಪು ಅಂತ ಲೆಟರ್ ಆಕ್ತೀನಿ," ಎಂದೆ.

"ಬೇಡ. ಕಳಿಸೋ ಮುಂಚೆ ಓದಿಸಿ ಕೇಳಬೇಕಾದವನು ನಾನು."

ಬೈದಿದ್ದರೆ ಚೆನ್ನಾಗಿತ್ತು. ಭೂತಗನ್ನಡಿಯನ್ನು ಪಕ್ಕಕ್ಕಿಟ್ಟು, "ಅಮಾವಾಸ್ಯೆ ದಿನ ನೀವು ಏನು ಮಾಡ್ತೀರಿ?" ಎಂದು ಕೇಳಿದರು.

ಹೇಳಿದೆ. ಮಗ್ಗ ಒರೆಸಿ ದೀಪ ಹಚ್ಚುವುದು, ಹಿರಿಯರಿಗೆ ಎಡೆ ಇಡುವುದು, ಅಮ್ಮನ ರಾಟೆಯೂ ನಿಲ್ಲುವುದು, ಅದೊಂದು ದಿನ ಬೀದಿಯಲ್ಲಿ ಸದ್ದೇ ಇಲ್ಲದಿರುವುದು. ಅವರು ಹೊಸ ಚೀಟಿ ತೆಗೆದು ತಾವೇ ಸೊಟ್ಟ ಅಕ್ಷರಗಳಲ್ಲಿ ಬರೆದರು. ಆಧಾರದ ಜಾಗದಲ್ಲಿ ನನ್ನ ಹೆಸರು ಹಾಕಿ ನನ್ನ ಕೈಗೇ ಕೊಟ್ಟರು. ನಾಳೆಯಿಂದ ಬರಬೇಕಾದ್ದಿಲ್ಲ ಎಂದರು.

ಮನೆಯಲ್ಲಿ ಆ ಚೀಟಿಯನ್ನು ಅಪ್ಪನಿಗೆ ತೋರಿಸಿದೆ.

"ಏನ್ ಬರ್ದೈತೆ?"

"ಅಮಾಸೆ ದಿನ ನಾವ್ ಮಗ್ಗ ಮುಟ್ಟಾದಿಲ್ಲ ಅಂತ."

ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟ.

"ಇದ್ನ ತಿಳ್ಕೊಳಾಕಾ ಮೂರ್ ವರ್ಸ ಅಲ್ಲಿಗ್ ಓಗ್ತಿದ್ದೆ?"