ಸಪ್ಪಳವಿಲ್ಲದ ಜೀಪು

ನಮ್ಮ ಮನೆಯವರು ಕೆನಾಲ್ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದರು. ಕಾಲುವೆ ಕೆಲಸ ಮುಗಿಯುತ್ತ ಬಂದಾಗ ಇಲಾಖೆ ತನ್ನ ಹಳೆಯ ಜೀಪುಗಳನ್ನು ಲಿಲಾವಿಗೆ ಹಾಕಿತು. ತಾವು ವರ್ಷಗಟ್ಟಲೆ ಕೂತು ತಿರುಗಿದ ಜೀಪನ್ನೇ ಕೂಗಿ ಹಿಡಿದು ಇವರು ಮನೆಗೆ ತಂದರು. ನನಗೆ ಮೈಯೆಲ್ಲ ಉರಿಯಿತು. ‘ಮನಿಗೆ ಒಂದು ಫ್ರಿಜ್ ತರ್ರಿ ಅಂದ್ರ ಈ ಮುದಿ ಜೀಪ್ ತಂದೀರಲ್ರಿ!’ ಎಂದು ಬೀದಿಗೆ ಕೇಳುವ ಹಾಗೆ ಬೈದೆ. ಅವರು ನಕ್ಕು ಬಾನೆಟ್ ಒರೆಸುತ್ತ ನಿಂತರು. ಅವರ ಸ್ವಭಾವವೇ ಅದು. ನಮ್ಮ ಮನೆಯ ಮಾತೆಲ್ಲ ನನ್ನ ಪಾಲಿಗೇ ಬಂದಿತ್ತು.

ನಾನು ಶಹಾಪುರದ ಶಾಲೆಯಲ್ಲಿ ಟೀಚರ್. ಊರೆಲ್ಲ ನನ್ನನ್ನು ಅಕ್ಕೋರು ಅನ್ನುತ್ತಿತ್ತು, ಇವರೂ ಚೇಷ್ಟೆಗೆ ಹಾಗೇ ಕರೆಯುತ್ತಿದ್ದರು. ಬೈದದ್ದು ಬೈದೆ, ಆದರೆ ಅದೇ ಜೀಪಿನಲ್ಲಿ ಕೆನಾಲ್ ದಂಡೆಯ ಮಣ್ಣಿನ ದಾರಿಯ ಮೇಲೆ ಗಾಡಿ ಓಡಿಸುವುದನ್ನು ಕಲಿತೆ. ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ಜೋಳದ ಹೊಲ. ನೀರಿಗೆ ಬಿದ್ದರೆ ಹೆಣ, ಹೊಲಕ್ಕೆ ಬಿದ್ದರೆ ಜಗಳ. ಎರಡಕ್ಕೂ ಬೀಳಲಿಲ್ಲ.

ಆ ಜೀಪಿನ ಸಪ್ಪಳ ಅಂದರೆ ಅಂತಿಂಥದ್ದಲ್ಲ. ವಾರಕ್ಕೊಮ್ಮೆ ದೇವಾಪುರದ ಹತ್ತಿರ ನಮ್ಮಪ್ಪನಿಂದ ನನಗೆ ಬಂದ ಹೊಲ ನೋಡಲು ಹೋಗುತ್ತಿದ್ದೆವು. ದಾರಿಯಲ್ಲಿ ಏನಾದರೂ ಹೇಳಬೇಕೆಂದರೆ ನಾನು ಚೀರಬೇಕು, ಅವರು ತಲೆಯಾಡಿಸಬೇಕು. ಮಗಳ ಮದುವೆ, ಮನೆಯ ಮಾಳಿಗೆ ರಿಪೇರಿ, ಎಲ್ಲವೂ ಹಾಗೆ ಚೀರಾಟ ಮತ್ತು ತಲೆಯಾಟದಲ್ಲೇ ತೀರ್ಮಾನವಾದವು.

ಇಬ್ಬರೂ ರಿಟೈರ್ ಆದ ಎಷ್ಟೋ ವರ್ಷದ ಮೇಲೆ ಒಂದು ದಿನ ಎಂಜಿನ್ ಸೀಳು ಬಿಟ್ಟಿತು. ಅದರ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ. ಯಾದಗಿರಿಯಲ್ಲಿ ಬ್ಯಾಟರಿ ಆಟೋಗಳ ರಿಪೇರಿ ಅಂಗಡಿ ಇಟ್ಟಿರುವ ನನ್ನ ತಮ್ಮ ಬಂದು ನೋಡಿದ.

‘ಮಾಮಾ, ಗುಜರಿಗೆ ಹಾಕ್ರಿ, ಇಲ್ಲಾ ಬ್ಯಾಟರಿ ಕೂಡಸ್ರಿ. ಎಂಜಿನ್, ಟ್ಯಾಂಕಿ, ಸೈಲೆನ್ಸರ್ ಎಲ್ಲಾ ತೆಗೆದು ಒಂದು ಮೋಟರ್ ಇಡ್ತೀನಿ. ಕ್ಲಚ್ಚಿನ ಕಾಟನೂ ಇಲ್ಲ. ಆರ್‌ಟಿಓ ಪರ್ಮಿಷನ್ ನಾ ಮಾಡಸ್ತೀನಿ.’

ಇವರು ಚಹಾದ ಬಸಿ ಕೆಳಗಿಟ್ಟರು. ‘ಎಂಜಿನ್ ತೆಗೆದ ಮ್ಯಾಲ ಅದು ಜೀಪ್ ಹೆಂಗಾಗ್ತದಪಾ?’

ಅಷ್ಟರಲ್ಲಿ ಇವರ ಅಣ್ಣನ ಮಗ, ಕಾಲೇಜಿನಲ್ಲಿ ಪಾಠ ಹೇಳುವವನು, ಊರಿಗೆ ಬಂದ. ಅವನು ಬೇರೆಯೇ ಹಾಡಿದ. ‘ಕಾಕಾ, ಅವಸರ ಮಾಡಬ್ಯಾಡ್ರಿ. ಹೈಡ್ರೋಜನ್ ಬರಾಕತ್ತದ. ಎಂಜಿನ್ ಕಿತ್ತಿ ಒಗಿಯೋದು ಬ್ಯಾಡ. ಅದನ್ನ ಬೆಸುಗಿ ಹಾಕಿಸಿ, ಒಂದೀಟು ತಿದ್ದಿದ್ರ ಪೆಟ್ರೋಲ್ ಬದಲಿ ಹೈಡ್ರೋಜನ್ ಉರಸಬಹುದು. ಗುಡುಗುಡು ಸಪ್ಪಳ ಹಂಗಾ ಇರ್ತದ, ಹೊಗಿ ಇಲ್ಲ. ಹಿಂದ ಬರೋದು ನೀರಿನ ಆವಿ.’

ಸಪ್ಪಳ ಹಾಗೇ ಇರುತ್ತದೆ ಎಂದಾಗ ಇವರ ಮುಖ ಅರಳಿತು. ನನ್ನ ತಮ್ಮ ಸುಮ್ಮನಿರುತ್ತಾನೆಯೇ? ‘ಆ ಗ್ಯಾಸ್ ಎಲ್ಲಿ ತುಂಬಸ್ತೀಯೋ? ಶಹಾಪುರದಾಗೋ, ಸುರಪುರದಾಗೋ? ಕರೆಂಟಿಗಾದ್ರ ಮನಿಗೋಡೀಗೆ ಪ್ಲಗ್ಗು ಸಾಕು’ ಎಂದು ಏರಿ ಬಂದ. ಇಬ್ಬರೂ ನಮ್ಮ ಕಟ್ಟೆಯ ಮೇಲೆ ಸಂಜೆಯವರೆಗೆ ಕಚ್ಚಾಡಿದರು. ಅವತ್ತು ನಮ್ಮಲ್ಲಿಗೆ ಬಂದಿದ್ದ, ನಮ್ಮ ಹೊಲ ಮಾಡುವ ದೇವಾಪುರದ ರೈತ ಎಲ್ಲವನ್ನೂ ಕೇಳಿಸಿಕೊಂಡು, ನೀರಿನ ಮಾತು ಬಂದದ್ದಕ್ಕೆ ಗಾಡಿ ನೀರು ಕುಡಿದೇ ಓಡುತ್ತದೆ ಎಂದು ತಿಳಿದು ಗಾಬರಿಯಾದ. ‘ಅಕ್ಕೋರ, ನಮ್ಮದು ಕೆನಾಲಿನ ಕಡೀ ಹೊಲ. ಪಾಳಿ ಬಂದಾಗ ಮೊದಲು ನೀರು ಯಾರಿಗ್ರಿ, ಬೆಳಿಗೋ, ಜೀಪಿಗೋ?’ ಅಂದ. ಆ ದಿನ ನಕ್ಕಷ್ಟು ನಾನು ಯಾವತ್ತೂ ನಕ್ಕಿಲ್ಲ.

ಆದರೆ ನಗು ಅಲ್ಲಿಗೇ ಮುಗಿಯಿತು. ಇವರು ಹೈಡ್ರೋಜನ್ ಕಾಯುತ್ತ ಕೂತರು. ಜೀಪು ಬೇವಿನ ಗಿಡದ ಕೆಳಗೆ ನಿಂತಿತು. ಮಳೆಗಾಲ ಹೋಯಿತು, ಸುಗ್ಗಿ ಹೋಯಿತು, ಮತ್ತೆ ಮಳೆಗಾಲ ಬಂತು. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಕೋಳಿ ಕಾವಿಗೆ ಕೂತಿತು. ಮಂಡಿನೋವಿನ ಇವರಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗದು, ಹೊಲಕ್ಕೆ ಹೋಗುವುದೇ ನಿಂತುಹೋಯಿತು. ದಿನವೂ ಕಟ್ಟೆಯ ಮೇಲೆ ಕೂತು ಜೀಪಿನ ಕಡೆ ನೋಡುತ್ತಿದ್ದ ಇವರನ್ನು ಕಂಡು ನನಗೆ ಹೆದರಿಕೆ ಹತ್ತಿತು. ಆ ದಾರಿಯ ಮೇಲೆ ನಾವಿಬ್ಬರೂ ಇನ್ನೊಮ್ಮೆ ಹೋಗುವುದೇ ಇಲ್ಲವೇನೋ ಅನ್ನಿಸಿತು. ಒಂದು ದಿನ ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದು ಹಿಟ್ಟಿನ ಕೈಯಲ್ಲೇ ಮುಂದೆ ನಿಂತೆ.

‘ನಮ್ಮಪ್ಪನೂ ಹಿಂಗಾ ಕೂತಿದ್ದ. ಕೆನಾಲ್ ಬರ್ತದ, ಕೆನಾಲ್ ಬರ್ತದ ಅಂತ. ಬಂತಲ್ಲ, ನೀವಾ ತೂಬು ಎತ್ತಿಸಿ ನೀರು ಬಿಡಿಸಿದ್ರಿ. ನೋಡಾಕ ಅಂವ ಎಲ್ಲಿದ್ದ? ನಿಮ್ಮ ಹೈಡ್ರೋಜನ್ನೂ ಬರ್ತದ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಅಷ್ಟೊತ್ತಿಗೆ ನಾವು ಇರ್ತೀವೇನ್ರಿ?’

ಹೇಳುತ್ತ ಹೇಳುತ್ತ ನನಗೇ ಅಳು ಬಂತು.  ಮರುದಿನ ಬೆಳಿಗ್ಗೆ ಅವರು ಕೀಲಿಕೈ ತೆಗೆದು ನನ್ನ ಕೈಗಿಟ್ಟರು. ‘ನಿನ್ನ ತಮ್ಮಗ ಫೋನ್ ಮಾಡು’ ಅಂದರು. ದನಿ ಬಿದ್ದುಹೋಗಿತ್ತು.

ತಿಂಗಳುಗಳ ಮೇಲೆ ಜೀಪು ಬ್ಯಾಟರಿಯ ಹೊಸ ಹೊಟ್ಟೆ ಹೊತ್ತು ಮನೆಗೆ ಬಂತು. ಸ್ಟಿಯರಿಂಗ್ ನನ್ನ ಕೈಯಲ್ಲಿ, ಅವರು ಪಕ್ಕದಲ್ಲಿ, ಕಾಲಬಳಿ ಬುತ್ತಿ. ಕೆನಾಲ್ ದಂಡೆ ಹತ್ತಿದೆವು. ಅಬ್ಬಬ್ಬಾ, ಏನು ಮೌನ! ನೀರು ಹರಿಯುವುದು ಕೇಳುತ್ತದೆ, ಹೊಲದಲ್ಲಿ ಹಕ್ಕಿ ಓಡಿಸುವವರ ಕೂಗು ಕೇಳುತ್ತದೆ. ಸ್ವಲ್ಪ ದೂರ ಹೋದ ಮೇಲೆ ಎಲ್ಲಿಂದಲೋ ಸಣ್ಣಗೆ ಗುಂಯ್ ಎನ್ನುವ ನಾದ ಶುರುವಾಯಿತು. ಏರುತ್ತದೆ, ಇಳಿಯುತ್ತದೆ. ಮೋಟರ್ ಕೆಟ್ಟಿತು ಎಂದುಕೊಂಡೆ. ಏನು ಕೂಡಿಸಿ ಕಳಿಸಿದ್ದಾನೋ ಪುಣ್ಯಾತ್ಮ, ಮನೆಗೆ ಹೋಗಿ ಅವನ ಬೆವರಿಳಿಸುತ್ತೇನೆ ಎಂದು ಹಲ್ಲು ಕಡಿದೆ.

ಮುಂದೆ ದಾರಿ ತುಂಬ ಕುರಿಗಳು. ಮೊದಲೆಲ್ಲ ನಮ್ಮ ಸಪ್ಪಳ ಕೇಳಿ ದೂರದಿಂದಲೇ ಬದಿಗೆ ಸರಿಯುತ್ತಿದ್ದವು. ಈಗ ಒಂದಕ್ಕೂ ನಮ್ಮ ಸುಳಿವೇ ಹತ್ತಲಿಲ್ಲ. ಗಾಡಿ ನಿಲ್ಲಿಸಿ ಕೀಲಿ ತಿರುಗಿಸಿದೆ. ಎಲ್ಲ ಬಂದ್ ಆಯಿತು, ನಾದ ಮಾತ್ರ ನಿಲ್ಲಲಿಲ್ಲ.

ಹೊರಳಿ ನೋಡಿದೆ. ಇವರು ನೀರಿನ ಕಡೆ ಮುಖ ಮಾಡಿ, ಕಣ್ಣು ಅರೆಮುಚ್ಚಿ ಹಾಡುತ್ತಿದ್ದರು. ಈಚೆಗೆ ಕಿವಿ ಮಂದವಾಗಿದ್ದ ಅವರಿಗೆ ತಮ್ಮ ದನಿ ಹೊರಗೆ ಕೇಳಿಸುತ್ತಿರುವುದೇ ತಿಳಿದಿರಲಿಲ್ಲ. ತೋಳು ಮುಟ್ಟಿದೆ. ಬೆಚ್ಚಿ ನಿಲ್ಲಿಸಿದರು.

‘ಇದನ್ನ ಯಾವಾಗ ಕಲ್ತ್ರಿ?’ ಎಂದು ಜೋರಾಗಿ ಕೇಳಿದೆ.

ಸಿಕ್ಕಿಬಿದ್ದ ಕಳ್ಳನಂತಾದರು. ‘ನಮ್ಮವ್ವ ಬೀಸೋ ಮುಂದ ಹಾಡ್ತಿದ್ಲು. ಬೀಸೋ ಕಲ್ಲಿನಂಗಾ ಇತ್ತಲ್ಲ ಜೀಪಿನ ಸಪ್ಪಳ... ಗಾಡಿ ಹೊಂಟ್ರ ತಾನಾ ಬಾಯಿಗೆ ಬರ್ತಿತ್ತು.’

‘ಅಂದ್ರ, ಇಷ್ಟು ವರ್ಷನೂ?’

‘ಹೂಂ. ನಿನಗ ಕೇಳಸ್ತಿರಲಿಲ್ಲ.’

 ‘ಹಾಡ್ರಿ’ ಅಂದೆ. ‘ಹೋಗ ಅಕ್ಕೋರ, ನಾಚಿಕಿ ಬರ್ತದ’ ಎಂದು ಮುಖ ತಿರುಗಿಸಿದರು. ನಾನೂ ಬೇಕೆಂದೇ ಆ ಕಡೆ ಮುಖ ಮಾಡಿ, ಕುರಿಗಳನ್ನು ನೋಡುತ್ತ ಬಾಯಿ ಮುಚ್ಚಿ ಕೂತೆ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ದನಿ ಮತ್ತೆ ಮೆಲ್ಲಗೆ ಎದ್ದಿತು.

ಕುರಿಗಾರ ಓಡಿಬಂದ. ‘ತಪ್ಪಾತ್ರೀ ಯವ್ವಾ, ಗಾಡಿ ಬಂದದ್ದಾ ತಿಳೀಲಿಲ್ಲ. ಕುರಿ ಸರಸ್ತೀನಿ, ಹೋಗ್ರಿ.’

‘ಅವಸರಿಲ್ಲಪಾ’ ಎಂದು ಮೆಲುದನಿಯಲ್ಲಿ ಹೇಳಿದೆ. ‘ಎಲ್ಲಾ ದಾಟಲಿ.’