ರೈಟ್ ಅಲ್ಲ, ಆರ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶೆಟ್ಟಿಕೊಪ್ಪದಿಂದ ಮೊದಲ ಬಸ್ಸಿಗೆ ಬಂದ ವಸಂತಮ್ಮ ಕೊಪ್ಪದಲ್ಲಿ ಇಳಿದು, ಬಸ್‌ಸ್ಟ್ಯಾಂಡಿನ ಹಿಂದಿನ ತಮ್ಮ ಟೈಪಿಂಗ್ ಅಂಗಡಿಯ ಶಟರ್ ಎತ್ತುತ್ತಾರೆ. ಒಂಬತ್ತಕ್ಕೆ ಕರೆಂಟು ಹೋಗುತ್ತದೆ. ಅಷ್ಟರೊಳಗೆ ಹನ್ನೆರಡು ಪುಟ ಮುಗಿಯಬೇಕು. ಕಂಪ್ಯೂಟರಿಗೆ ಹೊದಿಸಿದ ಟವೆಲು ಮಡಿಸಿಟ್ಟು, ಕೈಬರಹದ ಹಾಳೆಯೊಂದನ್ನು ಟ್ಯೂಬ್‌ಲೈಟಿನ ಹತ್ತಿರ ಹಿಡಿದು ನೋಡುತ್ತಾರೆ. ಅನುಮಾನ ಬಂದ ಅಕ್ಷರದ ಸುತ್ತ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಡಿಗ್ರಿ ಮಕ್ಕಳ ನೋಟ್ಸುಗಳನ್ನು ನಲವತ್ತೆರಡರ ಈಕೆ ಹದಿನಾರು ವರ್ಷದಿಂದ ಟೈಪ್ ಮಾಡುತ್ತಿದ್ದಾರೆ. ಗಂಡ ತೀರಿಕೊಂಡ ವರ್ಷ ಟೈಪ್‌ರೈಟರ್ ಕಲಿತರು. 2001ರಲ್ಲಿ ಕಂಪ್ಯೂಟರ್ ಬಂತು. ಓದಿದ್ದು ಎಸ್ಸೆಸ್ಸೆಲ್ಸಿ, ಗಣಿತದಲ್ಲಿ ಪಾಸಾದದ್ದು ಎರಡನೇ ಸಲಕ್ಕೆ. ಮಾಮೂಲಿ ಪುಟ ಗಂಟೆಗೆ ಆರಾದರೆ ಗಣಿತದ್ದು ಎರಡು. "ಸೊನ್ನೆ ಯಾವ್ದು, ಥೀಟಾ ಯಾವ್ದು ಅಂತ ಗೊತ್ತಾಗಕ್ಕೇ ಒಂದ್ ವರ್ಷ ಹಿಡೀತು ಮಾರಾಯ್ರೆ" ಎಂದು ನಗುತ್ತಾರೆ.

ನಿಮ್ಮ ಬಗ್ಗೆ ಬರೆಯುತ್ತೇನೆ ಎಂದು ನಾನು ಹೇಳಿದಾಗ ಅವರು ಹಾಕಿದ್ದು ಒಂದೇ ಷರತ್ತು: "ಆ ಆರ್ ಬಿಟ್ಟಿದ್ದು ನಾನೇ ಅಂತ ಬರೀಬೇಕು. ಬರೀ ಹೊಗಳದಾದ್ರೆ ಬೇಡ."

ಅದು 2005ರ ಮಾತು. ಎಕ್ಸ್, ವೈಗಳಲ್ಲಿದ್ದ ಲೆಕ್ಕವನ್ನು ಆರ್, ಥೀಟಾಕ್ಕೆ, ಅಂದರೆ ಮಧ್ಯದಿಂದ ಎಷ್ಟು ದೂರ, ಯಾವ ಕೋನ ಎಂಬುದಕ್ಕೆ ಬದಲಿಸುವ ಬಿ.ಎಸ್ಸಿ. ಪಾಠ. ಹಾಗೆ ಬದಲಿಸಿದಾಗ ಹೆಚ್ಚಿಗೆ ಒಂದು ಆರ್‌ನಿಂದ ಗುಣಿಸಬೇಕು. ಜಾಕೋಬಿಯನ್ ಎನ್ನುವುದು ಅದಕ್ಕೇ. ಬಿಟ್ಟರೆ ವೃತ್ತದ ವಿಸ್ತೀರ್ಣವೇ ತಪ್ಪಾಗುತ್ತದೆ. ಕಾಲೇಜಿನ ಮೇಷ್ಟರ ಕೈಬರಹದಲ್ಲಿ ಆ ಆರ್ ಥೇಟ್ ಟಿಕ್ ಮಾರ್ಕಿನ ಹಾಗಿತ್ತು. "ಲೆಕ್ಕ ಸರಿ ಇದೆ ಅಂತ ಸಾರ್ ರೈಟ್ ಹಾಕ್ಕಂಡಿದಾರೆ ಅಂದ್ಕಂಡೆ. ರೈಟ್ ಮಾರ್ಕನ್ನ ಯಾರಾದ್ರೂ ಟೈಪ್ ಮಾಡ್ತಾರಾ?" ಹಾಗೆ ಏಳು ಕಡೆ ಬಿಟ್ಟರು. ನಲವತ್ತು ಪ್ರತಿ ಮಕ್ಕಳ ಕೈಗೆ ಹೋಯಿತು. ಪಾಠ ಮುಗಿಸಲು ಪುರುಸೊತ್ತಾಗದ ಮೇಷ್ಟರು "ನೋಟ್ಸಲ್ಲಿದೆ, ನೋಡ್ಕಳಿ" ಎಂದಿದ್ದರು. ಮಕ್ಕಳು ಅದನ್ನೇ ಉರುಹೊಡೆದರು.

ಕಿಗ್ಗದ ಸಂಪದಾ ನಾಲ್ಕು ಅಂಕಕ್ಕೆ ಫೇಲಾದಳು. ಅಂಗಡಿಗೆ ಬಂದವಳೇ ನೋಟ್ಸನ್ನು ಮೇಜಿನ ಮೇಲೆ ಎಸೆದಳು. ವಸಂತಮ್ಮ ಅತ್ತುಬಿಟ್ಟರಂತೆ. ಆಮೇಲೆ ಕೇಳಿದ್ದು ಇಷ್ಟೇ: "ಆ ಆರ್ ಎಂತಕ್ಕೆ ಬೇಕು, ಹೇಳಿಕೊಡೆ ತಾಯಿ." ಮರುಪರೀಕ್ಷೆಗೆ ಓದುತ್ತಲೇ ಸಂಪದಾ ಹೇಳಿಕೊಟ್ಟಳು, ಪಾಸೂ ಆದಳು. ವಸಂತಮ್ಮನ ತಲೆಯಲ್ಲಿ ಅದು ಹೀಗೆ ಕೂತಿದೆ: "ಚಕ್ಲಿ ಒತ್ತೋವಾಗ ಒಳಸುತ್ತಿಗೆ ಚೂರು ಹಿಟ್ಟು ಸಾಕು. ಹೊರಸುತ್ತಿಗೆ? ದಪ್ಪ ಅದೇ, ಆದ್ರೆ ದೂರ ಹೋದಷ್ಟೂ ಹಿಟ್ಟು ಜಾಸ್ತಿ ಬೇಕು. ಆ ಜಾಸ್ತಿನ ಲೆಕ್ಕಕ್ಕೆ ಹಿಡಿಯೋದೇ ಆರ್. ಬಿಟ್ರೆ ಎಲ್ಲಾ ಸುತ್ತೂ ಒಂದೇ ಅಂದಂಗಾಯ್ತು."

ಹನ್ನೊಂದು ವರ್ಷ ಪಾಠ ಮಾಡಿಯೂ ನನಗೆ ಹೀಗೆ ಹೇಳಲು ಬಂದಿರಲಿಲ್ಲ. ಆ ಮೇಷ್ಟರು ನಾನೇ.

ಅವರ ಷರತ್ತನ್ನು ಪಾಲಿಸಿದ್ದೇನೆ, ಆದರೆ ತಪ್ಪು ಅವರೊಬ್ಬರದೇ ಎಂಬುದು ಪೂರ್ತಿ ನಿಜವಲ್ಲ. ಪ್ರತಿ ತೆಗೆಯುವ ಮೊದಲು ವಸಂತಮ್ಮ ಪ್ರೂಫ್ ತಂದುಕೊಟ್ಟಿದ್ದರು. ನಾನು ಸ್ಟಾಫ್‌ರೂಮಿನಲ್ಲಿ ಚಹಾ ಕುಡಿಯುತ್ತ, ಒಂದಕ್ಷರವನ್ನೂ ಓದದೆ, ಪುಟಕ್ಕೊಂದು ರೈಟ್ ಹಾಕಿ ಕಳಿಸಿದೆ. ರಿಸಲ್ಟ್ ಬಂದಾಗ ತರಗತಿಯಲ್ಲಿ "ಟೈಪಿಂಗಿನವರ ತಪ್ಪು" ಎಂದೆ. ಆಮೇಲೆ ಎರಡು ವರ್ಷ ಅವರ ಅಂಗಡಿಗೆ ಗಣಿತದ ಒಂದು ಹಾಳೆಯೂ ಹೋಗಲಿಲ್ಲ. ನಾನು ಬಾಯಿ ಬಿಡಲಿಲ್ಲ. ಅವರ ಅಂಗಡಿ ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ. ನಾಚಿಕೆಯಾಗುತ್ತದೆ ಎಂದು ಬರೆಯುವುದಕ್ಕೂ ಈಗ ನಾಚಿಕೆಯಾಗುತ್ತದೆ.

ಈ ಲೇಖನವನ್ನೂ ಅವರೇ ಟೈಪ್ ಮಾಡುತ್ತಿದ್ದಾರೆ. ಮೇಲಿನ ಪ್ಯಾರಾ ಮುಗಿದಾಗ ಬೆರಳು ನಿಲ್ಲಿಸಿ ಕೇಳುತ್ತಾರೆ: "ಇದನ್ನ ಬಿಟ್ಬಿಡಾಣಾ ಸಾರ್?"

"ಬೇಡ, ಇರಲಿ."

ಪ್ರಿಂಟು ತೆಗೆದು ಕೈಗೆ ಕೊಡುತ್ತಾರೆ. ಅಭ್ಯಾಸಬಲದಿಂದ ನಾನು ಆಗಲೇ ಪೆನ್ನು ತೆಗೆದಿದ್ದೇನೆ.

"ರೈಟ್ ಹಾಕ್ಬೇಡಿ ಸಾರ್" ಎನ್ನುತ್ತಾರೆ ವಸಂತಮ್ಮ, ಸ್ಟೂಲನ್ನು ನನ್ನ ಕಡೆ ಸರಿಸುತ್ತ. "ಕೂತ್ಕಂಡು ಓದಿ. ಓದಾದ್ಮೇಲೆ ಕೆಳಗೆ ಹೆಸ್ರು ಬರೀರಿ."