ಏಣಿ ಹಿಡಿದು ನಿಂತ ಅಜ್ಜಿ

ಒಣಗಿದ ತೆಂಗಿನಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಡಲೊಡ ಅನ್ನುತ್ತದಲ್ಲ, ಆ ಸದ್ದಿಗೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ. ತೆಂಗಿನ ಸೀಮೆಯಲ್ಲಿ ಬೆಳೆದವರಾದರೆ ನಿಮಗೂ ಗೊತ್ತಿರುತ್ತದೆ, ಅಟ್ಟಕ್ಕೆ ಕಾಯಿ ಏರಿಸಿದರೆ ವರ್ಷ ತುಂಬುವವರೆಗೂ ಅವು ಅಲ್ಲೇ ಒಣಗಬೇಕು. ಬಿಳಿಗೆರೆಯ ನಮ್ಮ ಹಳೇ ಮನೆಯ ಅಟ್ಟದ ಬಿದಿರು ದೊಡ್ಡವರ ಭಾರ ತಡೆಯುತ್ತಿರಲಿಲ್ಲ. ಕೊಬ್ಬರಿ ಆಗಿದೆಯೋ ಇಲ್ಲವೋ ಅಂತ ಅಲ್ಲಾಡಿಸಿ ನೋಡಲು ಹಗುರಾಗಿದ್ದವರು ಹತ್ತಬೇಕು, ಹಗುರಾಗಿದ್ದವಳು ನಾನೊಬ್ಬಳೇ. ಮೇಲೆ ಕಗ್ಗತ್ತಲು, ಸಿಪ್ಪೆಯ ಧೂಳು, ಇಲಿಗಳ ಓಡಾಟ. ಪ್ರಾಣ ಬಾಯಿಗೆ ಬರುತ್ತಿತ್ತು. ಕೆಳಗೆ ಅಜ್ಜಿ, ಹಣೆ ತುಂಬ ವಿಭೂತಿ, ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತಿರುತ್ತಿದ್ದಳು. ಪ್ರತಿ ಕಾಯಿಗೂ ನಾನು "ಅಜ್ಜೀ" ಅನ್ನಬೇಕು, ಅವಳು ಓಗೊಡಬೇಕು, ಅದು ನಮ್ಮಿಬ್ಬರ ಕರಾರು. "ಇಲ್ಲೇ ಇದೀನಿ ಕಣವ್ವ, ಏಣಿ ಬುಟ್ಟು ಎಲ್ಲೂ ಹೋಗಲ್ಲ." ಒಂದು ಸಲ ಒಲೆ ಮೇಲಿನ ಹಾಲು ಉಕ್ಕಿ, ಹೊತ್ತಿ, ಮನೆಯೆಲ್ಲ ವಾಸನೆ ಹಬ್ಬಿದರೂ ಅವಳು ಕದಲಲಿಲ್ಲ. ಅಮ್ಮ ಗೊಣಗಿದಾಗ, "ಹಸ ಸಾಯಂಕಾಲ ಮತ್ತೆ ಕೊಡ್ತದೆ ಬುಡು" ಅಂದಳಷ್ಟೆ.

ಅಜ್ಜಿ ಹೋದಳು, ಆಮೇಲೆ ಅಣ್ಣ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ. ನಾನು ತಿಪಟೂರಿನಲ್ಲೇ ಕೂತು ಮೊಬೈಲ್ ಗೇಮ್ ಮಾಡುವವಳಾದೆ. ಹೆದರಿಸುವ ಗೇಮ್ ಬೇಕು ಅಂತ ಕಂಪನಿಯವರು ಕೇಳಿದಾಗ ನನಗೆ ಗೊತ್ತಿದ್ದ ಭಯ ಒಂದೇ. ಅಟ್ಟ ಕಟ್ಟಿದೆ, ಕತ್ತಲು ತುಂಬಿದೆ, ಫೋಟೊ ನೋಡಿ ಅಜ್ಜಿಯದೇ ಮುಖ ಬರೆದು, ಕರೆದಾಗೆಲ್ಲ ಓಗೊಡುವಂತೆ ಏಣಿಯ ಬುಡದಲ್ಲಿ ನಿಲ್ಲಿಸಿದೆ. ಕಳೆದುಹೋದ ಮನೆ ವಾಪಸ್ ಸಿಕ್ಕಿತು ಅಂತ ಹುಚ್ಚು ಖುಷಿ ನನಗೆ. ಆಡಿ ನೋಡಿದ ಹುಡುಗರು ಮಾತ್ರ ಯಾರೂ ಹೆದರಲಿಲ್ಲ. ಜೊತೆಗೆ ಕೆಲಸ ಮಾಡುವವನು, "ಆ ಮುದುಕಿ ಓಗೊಡ್ತಾ ಇದ್ರೆ ಯಾರು ಹೆದರ್ತಾರೆ ಮೇಡಂ? ಮೂರನೇ ಸಲ ಸುಮ್ಮನಾಗ್ಬುಡ್ಲಿ" ಅಂದ. ಸರಿಯಾಗೇ ಹೇಳಿದ್ದ. ಮೂರನೇ ಸಲ ಕರೆದರೆ ಉತ್ತರವಿಲ್ಲ, ಬಗ್ಗಿ ನೋಡಿದರೆ ಅಜ್ಜಿ ಏಣಿ ಹೊತ್ತುಕೊಂಡು, ಹಿಂತಿರುಗಿ ನಗುತ್ತಾ ಹೋಗುತ್ತಿರುತ್ತಾಳೆ. ಹಾಗೇ ಮಾಡಿದೆ. ಗೇಮು ಊರೂರು ಹಬ್ಬಿತು. ತುರುವೇಕೆರೆ ಬಸ್ಸಿನಲ್ಲಿ ಹುಡುಗರು "ಏಣಿ ಅಜ್ಜಿ ಬಂದ್ಲು ಕಣ್ಲಾ" ಅಂತ ಒಬ್ಬರನ್ನೊಬ್ಬರು ಹೆದರಿಸುವುದನ್ನು ಕೇಳಿ ಬೀಗಿದ್ದೆ, ಪಾಪಿ ನಾನು.

ಹೋದ ವಾರ ಅಣ್ಣನ ಮನೆಗೆ ಹೋದೆ. ಅವನ ಮಗಳಿಗೆ ಎಂಟು ವರ್ಷ, ಅಜ್ಜಿಯನ್ನು ಕಂಡವಳಲ್ಲ. ಪಡಸಾಲೆಯ ಗೋಡೆಯಲ್ಲಿ ಅಜ್ಜಿಯ ಫೋಟೊ ಇದ್ದ ಕಡೆ ಬರೀ ಮೊಳೆ ಇತ್ತು. ಫೋಟೊ ಎಲ್ಲಿ ಅಂದರೆ ಹುಡುಗಿ ಅವರಮ್ಮನ ಹಿಂದೆ ಸರಿದು, "ನಾನೇ ತೆಗೆಸ್ದೆ ಅತ್ತೆ. ಅವಳು ಮಕ್ಳನ್ನ ಮೇಲೆ ಬಿಟ್ಟು ಹೋಗ್ತಾಳೆ" ಅಂದಳು. ಹಾಗಲ್ಲ ಕಣೇ, ಅವಳು ಹಾಲು ಉಕ್ಕಿದರೂ ಕದಲದವಳು ಅಂದೆ. ನಂಬಲಿಲ್ಲ. ಪಾಪ, ಅವಳು ಕಣ್ಣಾರೆ ನೋಡಿದ್ದಾಳಲ್ಲ. ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟಿದ್ದ ಫೋಟೊ ತೆಗೆದು ಬೆಳಕಿಗೆ ಹಿಡಿದೆ. ಅದೇ ವಿಭೂತಿ, ಅದೇ ನಗು. ನೋಡುತ್ತಾ ನೋಡುತ್ತಾ ನನಗೂ ಹೆದರಿಕೆಯಾಯಿತು, ಅಂಗೈ ಬೆವರಿತು. ಮೆಲ್ಲಗೆ "ಅಜ್ಜೀ" ಅಂದೆ. ಇನ್ನೊಂದು ಸಲ ಅಂದೆ. ಮೂರನೇ ಸಲ ಕರೆಯಲು ನನಗೆ ಧೈರ್ಯ ಬರಲಿಲ್ಲ.